ಮೊದಲ ಪುಸ್ತಕ

ಹಳೆಯ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವರ್ಷದಿಂದ ವರ್ಷಕ್ಕೆ ಬದಲಾಗಿಲ್ಲ. "ಸಾರ್, ಮಗಳು ಪಿಯುಸಿಗೆ ಸೇರಿದ್ದಾಳೆ, ಕಲನಶಾಸ್ತ್ರಕ್ಕೆ ಯಾವ ಪುಸ್ತಕ ತಂದುಕೊಡಲಿ?" ಎಂದು ಒಬ್ಬರು ಕೇಳುತ್ತಾರೆ. "ಈಗ ಬಿಡುವಾಗಿದೆ, ಸಂಸ್ಕೃತ ವ್ಯಾಕರಣ ಕಲಿಯಬೇಕೆಂದಿದ್ದೇನೆ, ಎಲ್ಲಿಂದ ಆರಂಭಿಸಲಿ?" ಎಂದು ಬಂಧುಗಳೊಬ್ಬರು ಕೇಳುತ್ತಾರೆ. ಒಂದು ಪುಸ್ತಕದ ಹೆಸರು ಹೇಳಿ ಮುಗಿಸಬಹುದಾದ ಮಾತು ಇದು. ಆದರೆ ಈ ಪ್ರಶ್ನೆಗೆ ಸುದೀರ್ಘವಾದ ಇತಿಹಾಸವಿದೆ. ದೊಡ್ಡ ದೊಡ್ಡ ವಿದ್ವಾಂಸರು ಇದರ ಬಗ್ಗೆ ಜಗಳವಾಡಿದ್ದಾರೆ. ಆ ಇತಿಹಾಸವನ್ನು ತಿಳಿದವರು ಪುಸ್ತಕವನ್ನು ಬೇರೆ ಬಗೆಯಲ್ಲಿ ಆರಿಸುತ್ತಾರೆಂಬುದು ನನ್ನ ಅನುಭವ. ಆದ್ದರಿಂದ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಬಿ.ಎಡ್. ಓದಿದವರೆಲ್ಲರೂ ಬಾಯಿಪಾಠ ಮಾಡಿದ ಸೂತ್ರವೊಂದಿದೆ: ತಿಳಿದದ್ದರಿಂದ ತಿಳಿಯದ್ದರ ಕಡೆಗೆ, ಮೂರ್ತದಿಂದ ಅಮೂರ್ತದ ಕಡೆಗೆ. ಪಾಠಯೋಜನೆಯ ಹಾಳೆಯಲ್ಲಿ ಇದನ್ನು ಬರೆಯದೆ ನಮ್ಮಲ್ಲಿ ಯಾರೂ ತೇರ್ಗಡೆಯಾಗಿಲ್ಲ. ಆದರೆ ಶಾಸ್ತ್ರಗ್ರಂಥಗಳು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಸಾಗುತ್ತವೆ. ವ್ಯಾಖ್ಯೆಗಳು ಮೊದಲು, ನಿಯಮಗಳು ಆಮೇಲೆ, ಉದಾಹರಣೆ ಕೊನೆಗೆ (ಇದ್ದರೆ). ಶಾಸ್ತ್ರವನ್ನು ಕಟ್ಟಿ ಮುಗಿಸಿದವನಿಗೆ ಆ ಕ್ರಮ ಸುಂದರವಾಗಿ ಕಾಣುತ್ತದೆ. ಬಾಗಿಲಲ್ಲಿ ನಿಂತವನಿಗೆ ಅದೇ ಕ್ರಮ ಗೋಡೆಯಾಗುತ್ತದೆ. ಶಾಸ್ತ್ರದ ಕ್ರಮ ಬೇರೆ, ಕಲಿಕೆಯ ಕ್ರಮ ಬೇರೆ. ಈ ಭೇದವನ್ನು ಮೊದಲು ಕಂಡುಕೊಂಡವರಲ್ಲಿ ನಮ್ಮ ವೈಯಾಕರಣರೂ ಇದ್ದಾರೆ.

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು 4000 ಸೂತ್ರಗಳಿವೆ. ಒಂದು ಸೂತ್ರದ ಪದ ಮುಂದಿನ ಸೂತ್ರಗಳಿಗೂ ಹರಿದು ಬರುತ್ತದೆ. ಅದಕ್ಕೆ ಅನುವೃತ್ತಿ ಎನ್ನುತ್ತಾರೆ. ಅದರಿಂದಾಗಿ ಸೂತ್ರಗಳು ಅತ್ಯಂತ ಚಿಕ್ಕವಾದವು, ಗ್ರಂಥ ಅಚ್ಚುಕಟ್ಟಾಯಿತು. ಆದರೆ 'ರಾಮಃ' ಎಂಬ ಒಂದು ರೂಪ ಹೇಗೆ ಸಿದ್ಧವಾಯಿತೆಂದು ತಿಳಿಯಬೇಕಾದ ಹುಡುಗನು ಬೇರೆ ಬೇರೆ ಅಧ್ಯಾಯಗಳಲ್ಲಿ ಚದುರಿಹೋದ ಸೂತ್ರಗಳನ್ನು ಹುಡುಕಬೇಕಾಗುತ್ತದೆ. 17ನೆಯ ಶತಮಾನದಲ್ಲಿ ಭಟ್ಟೋಜಿ ದೀಕ್ಷಿತರು ಅದೇ ಸೂತ್ರಗಳನ್ನು ಸಂಧಿ, ವಿಭಕ್ತಿ, ಸಮಾಸ, ಧಾತು ಎಂಬ ವಿಷಯಾನುಕ್ರಮದಲ್ಲಿ ಜೋಡಿಸಿ ಸಿದ್ಧಾಂತಕೌಮುದಿಯನ್ನು ರಚಿಸಿದರು. ಈ ಬಗೆಯ ಪ್ರಯತ್ನಗಳು ಅವರಿಗಿಂತ ಹಿಂದೆಯೂ ನಡೆದಿದ್ದವು; ಪೂರ್ಣಗೊಳಿಸಿದ ಕೀರ್ತಿ ಅವರದು. ಅದೂ ಆರಂಭಿಕರಿಗೆ ಭಾರವೆನಿಸಿದಾಗ ಅವರ ಶಿಷ್ಯ ವರದರಾಜರು ಮೂರನೆಯ ಒಂದು ಭಾಗದಷ್ಟು ಸೂತ್ರಗಳನ್ನು ಮಾತ್ರ ಉಳಿಸಿಕೊಂಡು ಲಘುಸಿದ್ಧಾಂತಕೌಮುದಿಯನ್ನು ಮಾಡಿದರು. ಇಂದಿಗೂ ಪಾಠಶಾಲೆಗಳಲ್ಲಿ ವ್ಯಾಕರಣದ ಬಾಗಿಲು ಅದೇ. ಗುರುವಿನ ಗ್ರಂಥ ಕಷ್ಟವಾಯಿತೆಂದು ಶಿಷ್ಯನೇ ಒಪ್ಪಿಕೊಂಡು ಬೇರೊಂದನ್ನು ಬರೆಯಬಹುದು, ಅದರಿಂದ ಗುರುವಿಗೆ ಅಗೌರವವಾಗುವುದಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಇದಕ್ಕೆ ವಿರೋಧವೂ ಇತ್ತು. 19ನೆಯ ಶತಮಾನದಲ್ಲಿ ಮಥುರೆಯ ವಿರಜಾನಂದರು, ದಯಾನಂದ ಸರಸ್ವತಿಯವರ ಗುರುಗಳು, ಕೌಮುದಿಯನ್ನು ಕಟುವಾಗಿ ವಿರೋಧಿಸಿ ಅಷ್ಟಾಧ್ಯಾಯಿಯನ್ನೇ ಓದಬೇಕೆಂದರು. ಸೂತ್ರಗಳ ಸ್ಥಾನ ಬದಲಾದರೆ ಅನುವೃತ್ತಿ ಕಾಣದಾಗುತ್ತದೆ. ಪಾಣಿನಿಯ ಯೋಜನೆಯೇ ಮರೆಯಾಗುತ್ತದೆ. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಅದು ಎರಡನೆಯ ಪುಸ್ತಕಕ್ಕೆ ಸಂಬಂಧಿಸಿದ ಮಾತು ಎಂದು ನಾನು ತಿಳಿಯುತ್ತೇನೆ. ಬಾಗಿಲನ್ನು ದಾಟಿದವನಿಗೆ ಮನೆಯ ನಕ್ಷೆ ಬೇಕೇ ಬೇಕು.

ನಮ್ಮ ಕನ್ನಡದಲ್ಲಿಯೇ ಇಂತಹ ಜೋಡಿಯೊಂದಿದೆ. ಕೇಶಿರಾಜನು ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ಕನ್ನಡದಲ್ಲಿ, ಕಂದಪದ್ಯಗಳಲ್ಲಿ ಬರೆದನು. ಪ್ರತಿ ಸೂತ್ರಕ್ಕೂ ವೃತ್ತಿಯನ್ನು ಕೊಟ್ಟು, ಹಿಂದಿನ ಕವಿಗಳಿಂದ ಪ್ರಯೋಗಗಳನ್ನು ಆಯ್ದು ಕೊಟ್ಟನು. ಭಟ್ಟಾಕಳಂಕನು 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು 592 ಸಂಸ್ಕೃತ ಸೂತ್ರಗಳಲ್ಲಿ, ಸಂಸ್ಕೃತದಲ್ಲಿಯೇ ವ್ಯಾಖ್ಯಾನ ಸಹಿತವಾಗಿ ರಚಿಸಿದನು. ಎರಡನೆಯದು ಪಾಂಡಿತ್ಯದಲ್ಲಿ ಕಡಿಮೆಯದೇನಲ್ಲ. ಸೂತ್ರಶೈಲಿಯಲ್ಲಿ ಪಾಣಿನಿಯ ಸಾಲಿಗೇ ಸೇರಬೇಕೆಂಬ ಹಟ ಅದರಲ್ಲಿದೆ. ಆದರೆ ಅದು ಬರೆದದ್ದು ಯಾರಿಗೆ? ಕನ್ನಡಕ್ಕೂ ಶಾಸ್ತ್ರದ ಘನತೆ ಇದೆಯೆಂದು ಸಂಸ್ಕೃತ ಪಂಡಿತರಿಗೆ ತೋರಿಸಲು. ಕೇಶಿರಾಜನು ಬರೆದದ್ದು ಕನ್ನಡ ಕಾವ್ಯವನ್ನು ಓದುವವರಿಗೆ, ಬರೆಯುವವರಿಗೆ. ಆರು ಶತಮಾನಗಳ ನಂತರ, 1872ರಲ್ಲಿ, ಕಿಟ್ಟೆಲ್ ಅವರು ಮಂಗಳೂರಿನಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ್ದು ಶಬ್ದಮಣಿದರ್ಪಣವನ್ನು. ಪುಸ್ತಕದ ಮೊದಲ ಪುಟ ತೆರೆದಾಗ "ಇದು ಎಷ್ಟು ದೊಡ್ಡ ಗ್ರಂಥ?" ಎಂದು ಕೇಳುವುದಕ್ಕಿಂತ "ಇದನ್ನು ಯಾರಿಗಾಗಿ ಬರೆದಿದ್ದಾರೆ?" ಎಂದು ಕೇಳಿಕೊಳ್ಳಿ.

ಪಶ್ಚಿಮ ದೇಶಗಳಲ್ಲಿ ಈ ಜಗಳಕ್ಕೆ ಸಿಕ್ಕಿಕೊಂಡವನು ಯೂಕ್ಲಿಡ್. ಕ್ರಿಸ್ತಪೂರ್ವ 300ರ ಸುಮಾರಿಗೆ ಬರೆದ ಅವನ ಗ್ರಂಥ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಪಠ್ಯವಾಗಿತ್ತು. ಅದನ್ನು ಕಲಿಯಲು ಸುಲಭದ ದಾರಿ ಇಲ್ಲವೇ ಎಂದು ದೊರೆ ಟಾಲೆಮಿ ಕೇಳಿದನಂತೆ, ಇಲ್ಲವೆಂದು ಯೂಕ್ಲಿಡ್ ಹೇಳಿದನಂತೆ; ಪ್ರಾಕ್ಲಸ್ ಎಂಬ ವ್ಯಾಖ್ಯಾನಕಾರ ಎಂಟು ನೂರು ವರ್ಷಗಳ ಬಳಿಕ ಬರೆದಿಟ್ಟ ಕಥೆ ಇದು. ಮೊದಲನೆಯ ಭಾಗದ ಐದನೆಯ ಪ್ರಮೇಯಕ್ಕೆ (ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ ಎಂಬುದು, ನೀವೆಲ್ಲ ಒಂಬತ್ತನೆಯ ತರಗತಿಯಲ್ಲಿ ಬರೆದಿದ್ದೀರಿ) ಯೂರೋಪಿನ ವಿದ್ಯಾರ್ಥಿಗಳು 'ಕತ್ತೆಗಳ ಸೇತುವೆ' ಎಂದು ಹೆಸರಿಟ್ಟಿದ್ದರು. ಮುಂದೆ ಹೋಗಲಾರದೆ ಅಲ್ಲಿಯೇ ನಿಂತುಬಿಟ್ಟವರು ಎಷ್ಟೋ ಮಂದಿ. ಇಂಗ್ಲೆಂಡಿನ ಶಾಲಾ ಶಿಕ್ಷಕರು 1871ರಲ್ಲಿ ರೇಖಾಗಣಿತ ಬೋಧನೆಯ ಸುಧಾರಣೆಗೆಂದೇ ಒಂದು ಸಂಘ ಕಟ್ಟಿದರು. ಅದಕ್ಕೆ ಪ್ರತಿಯಾಗಿ, 'ಆಲಿಸ್' ಕಥೆಗಳನ್ನು ಬರೆದ ಲೂಯಿಸ್ ಕೆರಾಲ್ (ನಿಜನಾಮ ಚಾರ್ಲ್ಸ್ ಡಾಡ್ಜ್‌ಸನ್, ಆಕ್ಸ್‌ಫರ್ಡಿನ ಗಣಿತದ ಅಧ್ಯಾಪಕ) ಯೂಕ್ಲಿಡನ ಪ್ರೇತವನ್ನೇ ರಂಗಕ್ಕೆ ತಂದು ಹೊಸ ಪುಸ್ತಕಗಳನ್ನು ಲೇವಡಿ ಮಾಡುವ ಒಂದು ನಾಟಕರೂಪದ ಪುಸ್ತಕವನ್ನು 1879ರಲ್ಲಿ ಬರೆದನು. 1901ರಲ್ಲಿ ಗ್ಲಾಸ್ಗೋ ನಗರದ ವಿಜ್ಞಾನ ಸಮ್ಮೇಳನದಲ್ಲಿ ಜಾನ್ ಪೆರ್ರಿ ಎಂಬ ಇಂಜಿನಿಯರಿಂಗ್ ಪ್ರಾಧ್ಯಾಪಕರು, ಅಳತೆಪಟ್ಟಿ ಹಿಡಿದು ಅಳೆಯುವುದರಿಂದಲೇ ಗಣಿತ ಆರಂಭವಾಗಲಿ ಎಂದು ವಾದಿಸಿದರು. 1903ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವು ಯೂಕ್ಲಿಡನ ಕ್ರಮವನ್ನೇ ಅನುಸರಿಸಬೇಕೆಂಬ ಕಟ್ಟಳೆಯನ್ನು ತನ್ನ ಪರೀಕ್ಷೆಗಳಲ್ಲಿ ಸಡಿಲಿಸಿತು. ಯೂಕ್ಲಿಡ್ ಅದರಿಂದ ಚಿಕ್ಕವನಾಗಲಿಲ್ಲ. ಹನ್ನೆರಡು ವರ್ಷದ ಮಕ್ಕಳಿಗೆ ಮಾತ್ರ ಬಿಡುಗಡೆ ಸಿಕ್ಕಿತು.

ಈ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಟವೆಂದರೆ ಅದೇ ಇಂಗ್ಲೆಂಡಿನಲ್ಲಿ ನೂರು ವರ್ಷ ಹಿಂದೆ ಜೇನ್ ಮಾರ್ಸೆಟ್ ಎಂಬ ಗೃಹಿಣಿ ಬರೆದ ರಸಾಯನಶಾಸ್ತ್ರದ ಪುಸ್ತಕ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಆಗ ಹಂಫ್ರಿ ಡೇವಿಯ ಉಪನ್ಯಾಸಗಳು ನಡೆಯುತ್ತಿದ್ದವು. ವೈದ್ಯನೂ ರಸಾಯನಜ್ಞನೂ ಆಗಿದ್ದ ಅಲೆಕ್ಸಾಂಡರ್ ಮಾರ್ಸೆಟ್‌ನ ಪತ್ನಿಯಾದ ಈಕೆ ಅವನ್ನು ಕೇಳಲು ಹೋದರು. ಪ್ರಯೋಗಗಳು ಕಣ್ಣಮುಂದೆ ಬೇಗಬೇಗನೆ ಸರಿದುಹೋದವು. ಏನು, ಏಕೆ ಎಂಬುದು ಸ್ಪಷ್ಟವಾಗಲಿಲ್ಲ. ಆಮೇಲೆ ಮನೆಯಲ್ಲಿ ಸ್ನೇಹಿತರೊಬ್ಬರ ಜೊತೆ ಕುಳಿತು ಮಾತನಾಡುತ್ತ, ಪ್ರಯೋಗಗಳನ್ನು ಮತ್ತೆ ಮಾಡಿ ನೋಡುತ್ತ ವಿಷಯವನ್ನು ಅರಗಿಸಿಕೊಂಡರು. ಆಗ ಅವರಿಗೆ ಹೊಳೆದದ್ದು: ತಮಗೆ ಅರ್ಥವಾದದ್ದು ಸಂಭಾಷಣೆಯಿಂದ, ಹಾಗಾದರೆ ಪುಸ್ತಕವನ್ನೂ ಸಂಭಾಷಣೆಯಾಗಿಯೇ ಏಕೆ ಬರೆಯಬಾರದು? ಹೀಗೆ 1805ರ ಕೊನೆಗೆ, ಲೇಖಕಿಯ ಹೆಸರಿಲ್ಲದೆ, 'ರಸಾಯನಶಾಸ್ತ್ರದ ಕುರಿತು ಸಂಭಾಷಣೆಗಳು' ಹೊರಬಂದಿತು. ಅದರಲ್ಲಿ ಮಿಸೆಸ್ ಬ್ರಯನ್ ಎಂಬ ಶಿಕ್ಷಕಿ, ಎಮಿಲಿ ಮತ್ತು ಕ್ಯಾರೊಲೈನ್ ಎಂಬ ಇಬ್ಬರು ಹುಡುಗಿಯರು. ಎಮಿಲಿ ಗಂಭೀರೆ. ಕ್ಯಾರೊಲೈನ್ ಅಡ್ಡಪ್ರಶ್ನೆಗಳ ರಾಣಿ. ರಸಾಯನಶಾಸ್ತ್ರವೆಂದರೆ ಔಷಧದ ಅಂಗಡಿಯ ವ್ಯವಹಾರ ತಾನೇ ಎಂಬ ಧೋರಣೆಯಿಂದ ಆರಂಭಿಸುವವಳು. ಪ್ರತಿ ತರಗತಿಯಲ್ಲಿಯೂ ಅಂತಹವಳೊಬ್ಬಳು ಇದ್ದೇ ಇರುತ್ತಾಳೆ. (ನನ್ನ ತರಗತಿಯ ಕ್ಯಾರೊಲೈನ್‌ಗಳಲ್ಲಿ ಒಂದಿಬ್ಬರಾದರೂ ಇದನ್ನು ಓದುತ್ತಿರಬಹುದು, ನಗಬೇಡಿ!)

ಅದೇ 1805ರಲ್ಲಿ ಕಮ್ಮಾರನೊಬ್ಬನ ಮಗ, ಹದಿನಾಲ್ಕು ವರ್ಷದ ಹುಡುಗ, ಲಂಡನ್ನಿನ ಒಂದು ಪುಸ್ತಕದ ಅಂಗಡಿಯಲ್ಲಿ ರಟ್ಟು ಕಟ್ಟುವ ಕೆಲಸಕ್ಕೆ ಸೇರಿದನು. ಹೆಸರು ಮೈಕೆಲ್ ಫ್ಯಾರಡೆ. ಹೇಳಿಕೊಳ್ಳುವಂತಹ ಶಾಲಾಶಿಕ್ಷಣವಿಲ್ಲ, ಗಣಿತವಂತೂ ಕೊನೆಯವರೆಗೂ ಒಲಿಯಲಿಲ್ಲ. ಹೊಲಿಗೆಗೆ ಬಂದ ಪುಸ್ತಕಗಳನ್ನೇ ಓದುತ್ತಿದ್ದ ಅವನಿಗೆ ವಿಶ್ವಕೋಶವೊಂದರ ವಿದ್ಯುತ್ತಿನ ಲೇಖನವೂ ಮಾರ್ಸೆಟ್ ಅವರ ಸಂಭಾಷಣೆಗಳೂ ಕೈಗೆ ಸಿಕ್ಕವು. ಅವನು ಅದನ್ನು ಕಥೆಯಂತೆ ಓದಿ ಮುಚ್ಚಿಡಲಿಲ್ಲ. ಅದರಲ್ಲಿ ಹೇಳಿದ ಸಂಗತಿಗಳನ್ನು ತನಗೆ ಎಟುಕುವ ಸಣ್ಣಪುಟ್ಟ ಪ್ರಯೋಗಗಳಿಂದ ಪರೀಕ್ಷಿಸಿದನು. ಪುಸ್ತಕ ಹೇಳಿದ್ದು ನಿಜವೆಂದು ಕಂಡಾಗ ಶಾಸ್ತ್ರದಲ್ಲಿ ಕಾಲೂರಲು ಒಂದು ನೆಲೆ ಸಿಕ್ಕಿತು. 1812ರಲ್ಲಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿ ಬರೆದು, ತಾನೇ ರಟ್ಟು ಕಟ್ಟಿ ಅವರಿಗೇ ಕಳುಹಿಸಿದನು. 1813ರಲ್ಲಿ ಅಲ್ಲಿಯೇ ಸಹಾಯಕನಾದನು. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದನು. ಈ ಅಕ್ಷರಗಳನ್ನು ನೀವು ಓದುತ್ತಿರುವ ಯಂತ್ರಕ್ಕೆ ಹರಿಯುತ್ತಿರುವ ವಿದ್ಯುತ್ತಿಗೂ ಆ ಶೋಧವೇ ಮೂಲ. ಪ್ರಸಿದ್ಧನಾದ ಮೇಲೆ ತನ್ನ ಸಂಶೋಧನಾ ಪ್ರಬಂಧಗಳನ್ನು ಮಾರ್ಸೆಟ್ ಅವರಿಗೆ ಗುರುಕಾಣಿಕೆಯಂತೆ ಕಳುಹಿಸುತ್ತಿದ್ದನು. 1858ರಲ್ಲಿ ಆಕೆ ತೀರಿಕೊಂಡಾಗ, ತಾನು ಅವರಿಗೆ ಎಷ್ಟು ಋಣಿಯೆಂಬುದನ್ನು ಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ ವಿವರವಾಗಿ ತಿಳಿಸಿದನು.

ಡೇವಿಯು ಆ ಕಾಲದ ಮಹಾ ರಸಾಯನಜ್ಞ. ಮಾರ್ಸೆಟ್ ಯಾವ ಮೂಲವಸ್ತುವನ್ನೂ ಕಂಡುಹಿಡಿದವರಲ್ಲ. ಆದರೂ ಫ್ಯಾರಡೆಗೆ ಬಾಗಿಲು ತೆರೆದವರಲ್ಲಿ ಆಕೆಯೇ ಮುಂಚಿನವರು. ಡೇವಿಯ ಸರದಿ ಬಂದದ್ದು ಆಮೇಲೆ. ತನಗೆ ಅರ್ಥವಾಗದಿದ್ದ ದಿನದ ನೆನಪು ಇನ್ನೂ ಹಸಿಯಾಗಿರುವಾಗ ಬರೆದ ಪುಸ್ತಕಕ್ಕೆ ಒಂದು ವಿಶೇಷ ಗುಣವಿರುತ್ತದೆ: ಎಲ್ಲಿ ಎಡವುತ್ತೇವೆಂಬುದು ಅದಕ್ಕೆ ಗೊತ್ತಿರುತ್ತದೆ.

ಮಹಾಪಂಡಿತರಿಗೆ ಇದು ಸಾಧ್ಯವೇ ಇಲ್ಲವೆಂದಲ್ಲ. ಆಯ್ಲರ್ ಹದಿನೆಂಟನೆಯ ಶತಮಾನದ ಅತಿ ದೊಡ್ಡ ಗಣಿತಜ್ಞ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಣ್ಣು ಬಹುತೇಕ ಕಾಣದಾದಾಗ ಬೀಜಗಣಿತದ ಪ್ರವೇಶಗ್ರಂಥವೊಂದನ್ನು ಬಾಯಲ್ಲಿ ಹೇಳಿ ಬರೆಯಿಸಿದರು. ಬರೆದುಕೊಂಡವನು ದರ್ಜಿ ಕೆಲಸ ಕಲಿತಿದ್ದ ಅವರ ಮನೆಯ ಸೇವಕ. ಸಾಧಾರಣ ಬುದ್ಧಿಯ ಯುವಕ. ಪುಸ್ತಕ ಮುಗಿಯುವ ವೇಳೆಗೆ ಅವನು ಬೇರೆಯವರ ಸಹಾಯವಿಲ್ಲದೆ ಬೀಜಗಣಿತದ ಲೆಕ್ಕಗಳನ್ನು ಬಿಡಿಸಬಲ್ಲವನಾಗಿದ್ದನೆಂದು 1770ರ ಜರ್ಮನ್ ಆವೃತ್ತಿಯ ಮುನ್ನುಡಿ ಹೇಳುತ್ತದೆ. ಎದುರಿಗೆ ಕುಳಿತ ದರ್ಜಿಯ ಮುಖವೇ ಪುಸ್ತಕವನ್ನು ತಿದ್ದಿರಬೇಕೆಂದು ನಾನು ಊಹಿಸಿಕೊಳ್ಳುತ್ತೇನೆ. ಮುಖ ಸಪ್ಪಗಾದರೆ ಇನ್ನೊಂದು ಉದಾಹರಣೆ. ನಾವು ಮೇಷ್ಟ್ರುಗಳು ಮಾಡುವುದೂ ಅದನ್ನೇ.

ಈಗ ನಿಮ್ಮಲ್ಲಿ ಹೆಚ್ಚು ಮಂದಿ ಕೇಳುವ ಕಲನಶಾಸ್ತ್ರಕ್ಕೆ ಬರೋಣ. ಲೈಬ್ನಿಟ್ಸ್ 1684ರಲ್ಲಿ ಪ್ರಕಟಿಸಿದ ಮೊದಲ ಲೇಖನ ಕೆಲವೇ ಪುಟಗಳದು. ಓದಿದ ವಿದ್ವಾಂಸರೇ ತಲೆ ಕೆರೆದುಕೊಂಡರು. ಫ್ರಾನ್ಸಿನ ಲೋಪಿಟಾಲ್ ಎಂಬ ಶ್ರೀಮಂತನು ಯೋಹಾನ್ ಬರ್ನೂಲಿಗೆ ಹಣ ಕೊಟ್ಟು ಪಾಠ ಹೇಳಿಸಿಕೊಂಡು, ಆ ಪಾಠಗಳ ಆಧಾರದ ಮೇಲೆ 1696ರಲ್ಲಿ ಕಲನಶಾಸ್ತ್ರದ ಮೊದಲ ಪಠ್ಯಪುಸ್ತಕವನ್ನು ಹೊರತಂದನು. ಅಂದರೆ ಮೊದಲ ಪಠ್ಯಪುಸ್ತಕವೇ ಒಬ್ಬ ವಿದ್ಯಾರ್ಥಿಯ ನೋಟ್ಸು! ಮುಂದೆ 1734ರಲ್ಲಿ ಬಿಷಪ್ ಬರ್ಕ್ಲಿ ಈ ಶಾಸ್ತ್ರದ ಬುಡವೇ ಭದ್ರವಾಗಿಲ್ಲವೆಂದು ಹಂಗಿಸಿದನು. ಶೂನ್ಯವೂ ಅಲ್ಲದ, ಶೂನ್ಯವಲ್ಲದೆಯೂ ಇರದ ಪರಿಮಾಣಗಳಿಂದ ಭಾಗಿಸುವುದು ಯಾವ ತರ್ಕ ಎಂಬುದು ಅವನ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. 19ನೆಯ ಶತಮಾನದಲ್ಲಿ ಕೋಶಿ, ವೈಯರ್‌ಸ್ಟ್ರಾಸ್ ಮೊದಲಾದವರು ಉತ್ತರವನ್ನೂ ಕೊಟ್ಟರು. ಎಪ್ಸಿಲಾನ್, ಡೆಲ್ಟಾಗಳ ಬಿಗಿಯಾದ ವ್ಯಾಖ್ಯೆ ಹುಟ್ಟಿತು. ಆದರೆ ನೂರೈವತ್ತು ವರ್ಷಗಳ ಜಿಜ್ಞಾಸೆಯ ಕೊನೆಯಲ್ಲಿ ದೊರೆತ ಉತ್ತರವನ್ನು, ಪ್ರಶ್ನೆಯೇ ಹುಟ್ಟದ ಹುಡುಗನ ಮುಂದೆ ಮೊದಲನೆಯ ಪುಟದಲ್ಲಿಯೇ ಇಟ್ಟರೆ ಅವನು ಏನು ಮಾಡಿಯಾನು? ಬಾಯಿಪಾಠ ಮಾಡುತ್ತಾನೆ.

1910ರಲ್ಲಿ ಲಂಡನ್ನಿನಲ್ಲಿ ಒಂದು ಸಣ್ಣ ಪುಸ್ತಕ ಹೊರಬಂದಿತು: 'ಕ್ಯಾಲ್ಕ್ಯುಲಸ್ ಮೇಡ್ ಈಸಿ'. ಲೇಖಕನ ಹೆಸರಿರಲಿಲ್ಲ; ರಾಯಲ್ ಸೊಸೈಟಿಯ ಸದಸ್ಯನೆಂದು ಸೂಚಿಸುವ 'ಎಫ್.ಆರ್.ಎಸ್.' ಎಂಬ ಮೂರು ಅಕ್ಷರಗಳು ಮಾತ್ರ ಇದ್ದವು. ಬರೆದವರು ಸಿಲ್ವೇನಸ್ ಥಾಂಪ್ಸನ್, ಫಿನ್ಸ್‌ಬರಿಯ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರು, ವಿದ್ಯುತ್ ಇಂಜಿನಿಯರಿಂಗಿನ ಪ್ರಾಧ್ಯಾಪಕರು. ಮೇಲೆ ಹೇಳಿದ ಜಾನ್ ಪೆರ್ರಿಯವರೂ ಅದೇ ಕಾಲೇಜಿನಲ್ಲಿ ಹಲವು ವರ್ಷ ಇದ್ದವರೆಂಬುದು ಗಮನಾರ್ಹ. ಕಾರ್ಖಾನೆಯ ಕೆಲಸಕ್ಕೆ ಗಣಿತ ಬೇಕಾಗಿದ್ದ ಹುಡುಗರು ಅವರ ವಿದ್ಯಾರ್ಥಿಗಳು. ಥಾಂಪ್ಸನ್ನರ ಉಪಾಯ ಸರಳವಾದದ್ದು. ಡಿಎಕ್ಸ್ ಎಂದರೆ ಎಕ್ಸ್‌ನ ಒಂದು ಚೂರು. ಅನುಕಲನದ ಉದ್ದನೆಯ ಚಿಹ್ನೆ ಎಂದರೆ ಆ ಚೂರುಗಳನ್ನೆಲ್ಲ ಕೂಡಿಸು ಎಂಬ ಆಜ್ಞೆ. ಆಮೇಲೆ, ಸಣ್ಣದರಲ್ಲಿಯೂ ಸಣ್ಣದಾದದ್ದನ್ನು ಯಾವಾಗ ಬಿಟ್ಟುಬಿಡಬಹುದೆಂಬ ವಿಚಾರ.

ಅದನ್ನು ನಾನು ತರಗತಿಯಲ್ಲಿ ನಿವೇಶನದ ಲೆಕ್ಕವಾಗಿ ಹೇಳುತ್ತಿದ್ದೆ, ಕೆಲವರಿಗಾದರೂ ನೆನಪಿರಬಹುದು. ಹತ್ತು ಮೀಟರ್ ಬದಿಯ ಚೌಕದ ನಿವೇಶನ. ವಿಸ್ತೀರ್ಣ 100 ಚದರ ಮೀಟರ್. ಎರಡು ಪಕ್ಕದ ಬೇಲಿಗಳನ್ನು ಒಂದೊಂದು ಸೆಂಟಿಮೀಟರ್ ಹೊರಕ್ಕೆ ಸರಿಸಿದರೆ ಎಷ್ಟು ಜಾಗ ಹೆಚ್ಚಾಯಿತು? ಹತ್ತು ಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲದ ಎರಡು ಪಟ್ಟಿಗಳು; ಒಟ್ಟು 0.2 ಚದರ ಮೀಟರ್. ಮೂಲೆಯಲ್ಲಿ ಇನ್ನೊಂದು ಸಣ್ಣ ಚೌಕ ಸಿಕ್ಕಿತು, ಅದು 0.0001 ಚದರ ಮೀಟರ್, ಹೆಬ್ಬೆರಳಿನ ಉಗುರಿನಷ್ಟು. ಬೇಲಿಯನ್ನು ಇನ್ನೂ ಕಡಿಮೆ ಸರಿಸಿದಷ್ಟೂ ಆ ಮೂಲೆಯ ಚೌಕವು ಪಟ್ಟಿಗಳ ಮುಂದೆ ಇನ್ನಷ್ಟು ಬೇಗ ಕರಗುತ್ತದೆ. ಎಕ್ಸ್ ವರ್ಗದ ಅವಕಲನ 'ಎರಡು ಎಕ್ಸ್' ಏಕೆ ಎಂಬುದಕ್ಕೆ ಉತ್ತರ ಆ ಎರಡು ಪಟ್ಟಿಗಳಲ್ಲಿದೆ. ಇದು ಬರ್ಕ್ಲಿಯ ಪ್ರಶ್ನೆಗೆ ಉತ್ತರವಲ್ಲ, ನಿಜ. ಆದರೆ ಇಷ್ಟು ಕಂಡವನಿಗೆ ಆ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ: "ಸಾರ್, ಮೂಲೆಯ ಚೌಕವನ್ನು ಬಿಟ್ಟುಬಿಡಲು ನಮಗೆ ಯಾರು ಅಪ್ಪಣೆ ಕೊಟ್ಟರು?" ಹಾಗೆ ಕೇಳಿದ ದಿನ ಅವನು ಎರಡನೆಯ ಪುಸ್ತಕಕ್ಕೆ ಸಿದ್ಧನಾದನೆಂದು ತಿಳಿಯಬೇಕು.

ಇಲ್ಲಿ ಯಾರಾದರೂ ರಾಮಾನುಜನ್ ಅವರ ಉದಾಹರಣೆಯನ್ನು ಎತ್ತುವುದು ಖಂಡಿತ. 1903ರಲ್ಲಿ ಕುಂಭಕೋಣದಲ್ಲಿ ಅವರಿಗೆ ದೊರೆತ ಕಾರ್ ಎಂಬಾತನ 'ಸಿನಾಪ್ಸಿಸ್' ಸುಮಾರು 5000 ಫಲಿತಾಂಶಗಳ ಪಟ್ಟಿ; ಸಾಧನೆಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕೇಂಬ್ರಿಜ್ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತಿದ್ದ ಖಾಸಗಿ ಪಾಠದ ಮೇಷ್ಟ್ರು ಸಿದ್ಧಪಡಿಸಿದ ಪುಸ್ತಕ. ಅದು ಮಹಾಗ್ರಂಥವೇನಲ್ಲವೆಂದು ಹಾರ್ಡಿಯವರೇ ಹೇಳಿದ್ದಾರೆ. ಆದರೆ ಆ ಹುಡುಗನಿಗೆ ಪ್ರತಿಯೊಂದು ಸಾಲೂ ಒಂದು ಸವಾಲಾಯಿತು. ಎಲ್ಲವನ್ನೂ ತಾನೇ ಸಾಧಿಸಿದನು. ಅದಕ್ಕೆ ಮುಂಚೆಯೇ ಲೋನಿಯ ತ್ರಿಕೋನಮಿತಿಯನ್ನು ಅವರು ಅರೆದು ಕುಡಿದಿದ್ದರು ಎಂಬುದನ್ನು ನಾವು ಮರೆಯುತ್ತೇವೆ. 1893ರ ಆ ಪುಸ್ತಕ ಮೆಟ್ಟಿಲು ಮೆಟ್ಟಿಲಾಗಿ ಏರುವ ಪುಸ್ತಕ, ಅಭ್ಯಾಸಗಳ ಗಣಿ. ಲೋನಿ ಇಲ್ಲದೆ ಕಾರ್ ಏನು ಮಾಡುತ್ತಿತ್ತೋ. ಕಾರ್ ಪುಸ್ತಕದ ಗುಂಗಿನಲ್ಲಿ ಬೇರೆ ವಿಷಯಗಳನ್ನು ಕಡೆಗಣಿಸಿ ಅವರು ಕಾಲೇಜಿನ ವಿದ್ಯಾರ್ಥಿವೇತನವನ್ನು ಕಳೆದುಕೊಂಡದ್ದು, ಎಫ್.ಎ. ಪರೀಕ್ಷೆಯಲ್ಲಿ ನಪಾಸಾದದ್ದೂ ಅದೇ ಕಥೆಯ ಭಾಗ. ಅಪವಾದವನ್ನು ನೋಡಿ ನಿಯಮ ಮಾಡಬಾರದು.

ಫೈನ್‌ಮನ್ ಉಪನ್ಯಾಸಗಳ ಸಂಗತಿಯೂ ಸ್ವಲ್ಪ ಹೀಗೆಯೇ. 1961ರಿಂದ 1963ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಎರಡು ವರ್ಷದ ವಿದ್ಯಾರ್ಥಿಗಳಿಗೆಂದು ಮಾಡಿದ ಪಾಠಗಳು ಅವು. ಮುನ್ನುಡಿಯಲ್ಲಿ ಫೈನ್‌ಮನ್ ಸ್ವತಃ, ವಿದ್ಯಾರ್ಥಿಗಳ ದೃಷ್ಟಿಯಿಂದ ಇದು ಅಷ್ಟೇನೂ ಯಶಸ್ವಿಯಾಗಲಿಲ್ಲವೆಂಬ ಸಂಶಯವನ್ನು ಬರೆದಿದ್ದಾರೆ. ನಾನು ಅವನ್ನು ಓದಿ ಪಟ್ಟ ಸಂತೋಷ ಅಷ್ಟಿಷ್ಟಲ್ಲ. ಆದರೆ ಅಷ್ಟು ಹೊತ್ತಿಗೆ ಭೌತಶಾಸ್ತ್ರವನ್ನು ಕಲಿಸಿ ನನ್ನ ತಲೆಗೂದಲು ನರೆತಿತ್ತು. ಅಂಗಡಿಯಲ್ಲಿ ಆ ಮೂರು ಸಂಪುಟಗಳನ್ನು ಕೊಂಡು ಹದಿನಾರರ ಮಗನ ಮೇಜಿನ ಮೇಲಿಡುವ ತಂದೆಯರನ್ನು ನೋಡಿದ್ದೇನೆ. ಅವು ಮೇಜಿಗೆ ಶೋಭೆ.

ನಮ್ಮ ಪೂರ್ವಿಕರ ಗಣಿತದ ಪುಸ್ತಕಗಳಲ್ಲಿ ನಾನು ಬಹಳವಾಗಿ ಮೆಚ್ಚುವುದು ಅಭ್ಯಾಸಗಳನ್ನು. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಬರೆದ ಗಣಿತಸಾರಸಂಗ್ರಹದಲ್ಲಿ ಲೆಕ್ಕಗಳ ಸುಗ್ಗಿಯೇ ಇದೆ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಸೂತ್ರ ಹೇಳಿದ ಕೂಡಲೇ ಬಾಲೆಯೊಬ್ಬಳನ್ನು ಕರೆದು ಪ್ರಶ್ನೆ ಕೇಳುತ್ತಾನೆ. (ಮಗಳ ಮದುವೆ, ಗಳಿಗೆ ಬಟ್ಟಲಿಗೆ ಬಿದ್ದ ಮುತ್ತು ಇತ್ಯಾದಿ ಕಥೆ ನಮಗೆ ಸಿಗುವುದು 1587ರ ಫೈಜಿಯ ಪರ್ಷಿಯನ್ ಅನುವಾದದಲ್ಲಿ, ಭಾಸ್ಕರನು ಹೇಳಿದ್ದಲ್ಲ.) ಒಂದು ಲೆಕ್ಕ ಹೀಗಿದೆ: ಕೊಳದಲ್ಲಿ ತಾವರೆಯ ಮೊಗ್ಗೊಂದು ನೀರಿನ ಮೇಲೆ ಒಂದು ಗೇಣು ಎದ್ದು ನಿಂತಿದೆ, ಗಾಳಿಗೆ ಮೆಲ್ಲನೆ ವಾಲುತ್ತ ಎರಡು ಮೊಳ ದೂರದಲ್ಲಿ ಮುಳುಗಿತು, ನೀರಿನ ಆಳವೆಷ್ಟು? ಗೇಣೆಂದರೆ ಅರ್ಧ ಮೊಳ. ಲಂಬಕೋನ ತ್ರಿಭುಜದ ಪ್ರಮೇಯ ಗೊತ್ತಿದ್ದರೆ ಎರಡು ಸಾಲಿನಲ್ಲಿ ಮೂರು ಮುಕ್ಕಾಲು ಮೊಳವೆಂದು ಬರುತ್ತದೆ. ಪ್ರಮೇಯವನ್ನು ಬಾಯಿಪಾಠ ಮಾಡಿದವನಿಗೆ ಬರುವುದಿಲ್ಲ, ಏಕೆಂದರೆ ತ್ರಿಭುಜ ಎಲ್ಲಿದೆಯೆಂದು ಲೆಕ್ಕ ಹೇಳುವುದಿಲ್ಲ. ಅಭ್ಯಾಸಗಳಿಲ್ಲದ ಪ್ರವೇಶಗ್ರಂಥವನ್ನು, ಅದು ಎಷ್ಟೇ ಸೊಗಸಾಗಿ ಬರೆದದ್ದಾಗಿರಲಿ, ನಾನು ಒಪ್ಪುವುದಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವಿದೆ. ನಮ್ಮ ಶಾಲೆಯಿಂದ ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಕ್ಕಳಲ್ಲಿ ಕೆಲವರು ದಸರಾ ರಜೆಗೆ ಊರಿಗೆ ಬಂದವರು ಮತ್ತೆ ಹೋಗುತ್ತಿರಲಿಲ್ಲ. ಅವರಲ್ಲಿ ಒಬ್ಬಳು ಜೂನ್ ತಿಂಗಳಲ್ಲಿ ಕೊಂಡಿದ್ದ ದಪ್ಪನೆಯ ಭೌತಶಾಸ್ತ್ರದ ಪುಸ್ತಕವನ್ನು ನನ್ನ ಮನೆಗೆ ತಂದು, "ಶಾಲೆಯ ಲೈಬ್ರರಿಗೆ ಕೊಡಿ ಸಾರ್, ನನ್ನ ತಲೆಗೆ ವಿಜ್ಞಾನ ಹತ್ತುವುದಿಲ್ಲ" ಎಂದಳು. ಅರವತ್ತನೆಯ ಪುಟದವರೆಗೆ ಪ್ರತಿ ಇಂಗ್ಲಿಷ್ ಪದದ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದಿದ್ದಳು. ಅಲ್ಲಿಂದ ಮುಂದೆ ಹಾಳೆಗಳು ಹೊಸದಾಗಿಯೇ ಇದ್ದವು. ಅರವತ್ತು ಪುಟ ಹಾಗೆ ಓದಿದವಳ ತಲೆಯಲ್ಲಿ ದೋಷವಿದೆಯೆಂದು ನಾನು ಹೇಗೆ ನಂಬಲಿ? ಹತ್ತಿರದಲ್ಲಿ ಬೇರೊಂದು ಪುಸ್ತಕವಿರಲಿಲ್ಲ, ಇದೆಯೆಂದು ಹೇಳುವವರೂ ಇರಲಿಲ್ಲ. ಯೂಕ್ಲಿಡನ ಐದನೆಯ ಪ್ರಮೇಯದ ಬಳಿ ನಿಂತ ಮಕ್ಕಳಿಗೆ ಕತ್ತೆಗಳೆಂದು ಹೆಸರು ಬಂದಿತು. ಈಕೆ ಆ ಹೆಸರನ್ನು ತಾನೇ ಇಟ್ಟುಕೊಂಡಳು. ಮುಂದೆ ಕಲಾ ವಿಭಾಗದಲ್ಲಿ ಓದಿ ಒಳ್ಳೆಯ ಕೆಲಸದಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ಆದರೂ ಆ ಪೆನ್ಸಿಲ್ ಅಕ್ಷರಗಳು ನನ್ನ ಕಣ್ಣಿನಿಂದ ಮರೆಯಾಗಿಲ್ಲ.

ಇಂತಹ ಮಕ್ಕಳಿಗೆ ಅಂಗಡಿಯವರು ಕೊಡುವುದು ಗೈಡು. ಗೈಡೂ ಸುಲಭ, ಮಾರ್ಸೆಟ್ ಅವರ ಪುಸ್ತಕವೂ ಸುಲಭ. ಎರಡೂ ಒಂದೇ ಅಲ್ಲ. ಒಂದು ಉತ್ತರವನ್ನು ಚಿಕ್ಕದು ಮಾಡುತ್ತದೆ, ಇನ್ನೊಂದು ಪ್ರಶ್ನೆಯನ್ನು ಹತ್ತಿರಕ್ಕೆ ತರುತ್ತದೆ. ನಮ್ಮ ಕಾಲಕ್ಕೆ ಸ್ವಲ್ಪ ಆಸರೆಯಾಗಿದ್ದವು ಸೋವಿಯತ್ ಪುಸ್ತಕಗಳು. ನವಕರ್ನಾಟಕದ ಮಳಿಗೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದ ಆ ಗಟ್ಟಿ ರಟ್ಟಿನ ಪುಸ್ತಕಗಳಲ್ಲಿ ಯಾಕೊವ್ ಪೆರೆಲ್ಮನ್ ಅವರ ಭೌತಶಾಸ್ತ್ರ ವಿನೋದವೂ ಒಂದು. ಮೂಲ ರಷ್ಯನ್ 1913ರದು. ದಿನನಿತ್ಯ ಕಾಣುವ ಸಂಗತಿಗಳನ್ನೇ ತಿರುಗಿಸಿ ಕೇಳುವುದು ಅವರ ಕ್ರಮ. ಆತ 1942ರಲ್ಲಿ ಲೆನಿನ್‌ಗ್ರಾಡ್ ಮುತ್ತಿಗೆಯ ಹಸಿವಿನಲ್ಲಿ ತೀರಿಕೊಂಡರೆಂದು ಓದಿದಾಗ, ಬಂಧುವೊಬ್ಬರನ್ನು ಕಳೆದುಕೊಂಡಂತೆ ಅನಿಸಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟದ ಜೊತೆಗೆ ಆ ಅಗ್ಗದ ಪುಸ್ತಕಗಳ ಕಾಲವೂ ಮುಗಿಯಿತು.

ಇನ್ನು, ಆರಿಸುವುದು ಹೇಗೆ? ಅಂಗಡಿಯಲ್ಲಿ ನಿಂತಾಗ ಮುನ್ನುಡಿಯನ್ನು ತಪ್ಪದೆ ಓದಿ. ಯಾರಿಗಾಗಿ ಬರೆದದ್ದೆಂದು ಹೆಚ್ಚಿನವರು ಅಲ್ಲಿಯೇ ಹೇಳಿರುತ್ತಾರೆ. ಮೊದಲನೆಯ ಅಧ್ಯಾಯವನ್ನು ನಂಬಬೇಡಿ, ಅದು ಎಲ್ಲ ಪುಸ್ತಕಗಳಲ್ಲಿಯೂ ಚೆನ್ನಾಗಿರುತ್ತದೆ. ಮೂರನೆಯದನ್ನು ತೆರೆದು ಒಂದು ಉದಾಹರಣೆಯನ್ನು ಕಾಗದದ ಮೇಲೆ ಮಾಡಿ ನೋಡಿ. ಎಲ್ಲಿ ನಿಂತಿರಿ, ಅಲ್ಲಿ ಪುಸ್ತಕ ನಿಮಗಾಗಿ ಕಾಯುತ್ತದೆಯೇ ಅಥವಾ "ಸ್ಪಷ್ಟವಾಗಿಯೇ ಇದೆ" ಎಂದು ಮುಂದೆ ಹೋಗಿಬಿಡುತ್ತದೆಯೇ ಎಂಬುದನ್ನು ಗಮನಿಸಿ. ಒಂದೇ ವಿಷಯಕ್ಕೆ ಎರಡು ತೆಳು ಪುಸ್ತಕಗಳಿದ್ದರೆ ಒಂದು ದಪ್ಪ ಪುಸ್ತಕಕ್ಕಿಂತ ಮೇಲು. ಒಂದರಲ್ಲಿ ಮುಚ್ಚಿದ ದಾರಿ ಇನ್ನೊಂದರಲ್ಲಿ ತೆರೆದಿರುತ್ತದೆ. ಬೆಂಗಳೂರಿನವರಿಗೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಿವೆ. ಎರಡನ್ನೂ ಕೊಂಡರೆ ಜೇಬಿಗೆ ಅಷ್ಟು ಭಾರವಾಗುವುದಿಲ್ಲ.

ಮೊದಲ ಪುಸ್ತಕಕ್ಕೂ ವಯಸ್ಸಾಗುತ್ತದೆ, ಆದರೆ ಎಲ್ಲ ವಿಷಯಗಳಲ್ಲಿಯೂ ಒಂದೇ ವೇಗದಲ್ಲಿ ಅಲ್ಲ. ಡೇವಿಯು 1807ರಲ್ಲಿ ಸೋಡಿಯಂ, ಪೊಟ್ಯಾಸಿಯಂಗಳನ್ನು ಬೇರ್ಪಡಿಸಿದ ಕೂಡಲೇ ಮಾರ್ಸೆಟ್ ತಮ್ಮ ಪುಸ್ತಕವನ್ನು ತಿದ್ದಬೇಕಾಯಿತು. ಹೀಗೆ ತಿದ್ದುತ್ತಲೇ ಹದಿನಾರು ಆವೃತ್ತಿಗಳನ್ನು ತಂದರು. ಇಂದು ಅದರಿಂದ ರಸಾಯನಶಾಸ್ತ್ರ ಕಲಿಯಲಾಗದು. ಜೀವಶಾಸ್ತ್ರ, ಅರ್ಥಶಾಸ್ತ್ರಗಳಿಗೆ ಹೊಸ ಆವೃತ್ತಿಯನ್ನೇ ಕೊಳ್ಳಿ. ಗಣಿತದಲ್ಲಿ ಹಾಗಿಲ್ಲ, ಬೀಜಗಣಿತಕ್ಕೆ 1885ರ ಹಾಲ್ ಮತ್ತು ನೈಟ್ ಇಂದಿಗೂ ನಡೆಯುತ್ತದೆ. ಥಾಂಪ್ಸನ್ನರ ಪುಸ್ತಕದ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಮಾರ್ಟಿನ್ ಗಾರ್ಡ್‌ನರ್ 1998ರಲ್ಲಿ ಪರಿಷ್ಕರಿಸಿದ ಆವೃತ್ತಿಯೂ ಇದೆ. ಮಗಳಿಗೆ ಅದನ್ನೇ ಕೊಡಿ, ಆರಂಭದಲ್ಲಿ ಸೇರಿಸಿರುವ ಹೊಸ ಅಧ್ಯಾಯಗಳು ಉಪಯುಕ್ತವಾಗಿವೆ. ಸಂಸ್ಕೃತ ಕೇಳಿದ ಬಂಧುಗಳು ಲಘುಕೌಮುದಿಗೂ ಮುಂಚೆ ಭಂಡಾರ್ಕರರ ಸಂಸ್ಕೃತ ಮೊದಲ ಪುಸ್ತಕವನ್ನು ನೋಡಲಿ. ಇಂಗ್ಲಿಷ್ ವಿವರಣೆಯ ಆ ಪಾಠಗಳು ಹತ್ತೊಂಬತ್ತನೆಯ ಶತಮಾನದವು, ಪ್ರತಿ ಪಾಠದ ಕೊನೆಗೂ ಅನುವಾದದ ಅಭ್ಯಾಸಗಳಿವೆ. ಅವನ್ನು ಬಿಡದೆ ಮಾಡಬೇಕು.